ಅಸಮಾನತೆಯ ಬಗ್ಗೆ ಪಿಎಚ್‌ಡಿ: ದೇಶದೊಳಗಿನದ್ದು ಆರಿಸಲೇ, ದೇಶ-ದೇಶಗಳ ನಡುವಿನದ್ದೇ?

ಎರಡರಲ್ಲಿ ಒಂದನ್ನು ಆರಿಸಿ ಅಂತ ನನ್ನ ಗೈಡೂ ಹೇಳಿದ್ದರು. ಒಳಗಿನದ್ದನ್ನು ಆರಿಸಿದೆ, ಒಂದೂವರೆ ವರ್ಷ ಕಳಕೊಂಡೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ ಮನೆಮನೆ ಸರ್ವೆ. ಒಂದು ಜಗಲಿಯಲ್ಲಿ ಅಜ್ಜಿ ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮನೆಯಲ್ಲಿ ಎಷ್ಟು ಜನ? "ನಾಲ್ಕು." ಮಗ? "ಅವ ಶಾರ್ಜಾದಲ್ಲಿ." ನಾನು ಐದು ಎಂದು ಬರೆದೆ. ಅಜ್ಜಿ ಎಲೆಯಿಂದ ಕಣ್ಣು ತೆಗೆಯದೆ, "ಅವನ ಅನ್ನ ಇಲ್ಲಿ ಬೇಯುವುದಿಲ್ಲ ಮಗಾ" ಅಂದರು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸರಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಸರ್ವೆಗಳಲ್ಲೂ ಕುಟುಂಬವೆಂದರೆ ಒಟ್ಟಿಗಿದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಸಲೀಸಾದ ಅಂಕಿ ಹಿಡಿದು ನೋಡಿ: ಮಗ ಕಳಿಸುವುದು 20,000. ನಾಲ್ವರಿಗಾದರೆ ತಲೆಗೆ 5,000. ನಾನು ಐವರಿಗೆ ಹಂಚಿ 4,000 ಮಾಡಿದೆ. ಬೀಡಿಯನ್ನೇ ನಂಬಿದ ಪಕ್ಕದ ಮನೆ, ನಾಲ್ವರು, 8,000, ತಲೆಗೆ 2,000. ಎರಡೂವರೆ ಪಟ್ಟಿದ್ದ ಅಂತರ ನನ್ನ ಹಾಳೆಯಲ್ಲಿ ಎರಡು ಪಟ್ಟಾಯಿತು. ಹೀಗೆ ಗಲ್ಫ್ ಮನೆಗಳೆಲ್ಲ ಕಾಗದದ ಮೇಲೆ ಬಡವಾಗಿ ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ ಇಳಿಯಿತು (ಸೊನ್ನೆ ಅಂದರೆ ಸಮಪಾಲು, ಒಂದು ಅಂದರೆ ಎಲ್ಲವೂ ಒಬ್ಬನದೇ). ನಮ್ಮೂರಲ್ಲಿ ಅಂತರ ಕಡಿಮೆ ಎಂದು ಒಂದು ಅಧ್ಯಾಯವನ್ನೇ ಬರೆದೆ, ಕೇರಳದ 1970ರ ಭೂಸುಧಾರಣೆಯ ಹೊಗಳಿಕೆ ಸಮೇತ! ಹೊರಗಿನ ಪರೀಕ್ಷಕರು ಪ್ರಶ್ನಾವಳಿಯ ಮೊದಲ ಪುಟ ನೋಡಿಯೇ ಹಿಂದೆ ಕಳಿಸಿದರು. ಸದಸ್ಯರು ಎಲ್ಲಿದ್ದಾರೆ ಎಂಬ ಕಾಲಮ್ಮೇ ಇರಲಿಲ್ಲ, ಹಾಗಾಗಿ ಕೂತಲ್ಲೇ ತಿದ್ದಲಿಕ್ಕೂ ಆಗದು. ಮತ್ತೆ ಅದೇ ಗುಡ್ಡ ಹತ್ತಿದೆ.

ಹಾಗಾಗಿ ನಿಮ್ಮ ಪ್ರಶ್ನೆಯ ವಿಂಗಡಣೆಯೇ ನಮ್ಮ ಕಡೆಗೆ ಒಗ್ಗುವುದಿಲ್ಲ. ಒಬ್ಬನ ಆದಾಯವನ್ನು ಬಹುಪಾಲು ಅವನಿರುವ ದೇಶವೇ ನಿರ್ಧರಿಸುತ್ತದೆ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲಾನೊವಿಚ್ ವರ್ಷಗಳಿಂದ ಹೇಳುತ್ತಿದ್ದಾರೆ. ಅಜ್ಜಿಯ ಮಗ ಕುಂಬಳೆಯಲ್ಲೂ ಡ್ರೈವರ್, ಶಾರ್ಜಾದಲ್ಲೂ ಡ್ರೈವರ್; ಸ್ಟಿಯರಿಂಗ್ ಮಾತ್ರ ಎಡಕ್ಕೆ ಬಂತು. ದೇಶಗಳ ನಡುವಿನ ಅಂತರವೇ ದುಡ್ಡಾಗಿ ಬಂದು ಎರಡು ಜಗಲಿಗಳ ನಡುವಿನ ಅಂತರವಾಗುತ್ತದೆ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹತ್ತನೆಯದು ಈ ಎರಡೂ ಅಸಮಾನತೆಗಳನ್ನು ಒಂದೇ ಸಾಲಿನಲ್ಲಿ ಹೇಳುತ್ತದೆ. ಹೊರದೇಶದಿಂದ ಮನೆಗೆ ದುಡ್ಡು ಕಳಿಸುವ ಖರ್ಚು 2030ರೊಳಗೆ ಶೇ. 3ಕ್ಕಿಂತ ಕೆಳಗಿಳಿಯಬೇಕು ಎಂಬುದೂ ಅದರಲ್ಲೇ ಇದೆ.

ದೆಹಲಿಯೋ ನಮ್ಮ ಜಿಲ್ಲೆಯ ಪೆರಿಯದ ಕೇಂದ್ರೀಯ ವಿವಿಯೋ ಅಂತಲೂ ಕೇಳಿದ್ದೀರಿ. ಎಲ್ಲಾದರೂ ಮಾಡಿ. ಪ್ರಶ್ನಾವಳಿಯನ್ನು ಮಾತ್ರ ಕನ್ನಡ, ತುಳು, ಮಲಯಾಳ ಮೂರರಲ್ಲೂ ಹತ್ತು ಮನೆಯಲ್ಲಿ ಕೇಳಿ ನೋಡದೆ ಅಚ್ಚು ಹಾಕಿಸಬೇಡಿ.

ಈಗ ಪಾಠದ ಮೊದಲ ದಿನ ಮಕ್ಕಳಿಗೆ ಒಂದೇ ಕೆಲಸ ಕೊಡುತ್ತೇನೆ: ನಿಮ್ಮ ಮನೆಯಲ್ಲಿ ಎಷ್ಟು ಜನ, ಬರೆಯಿರಿ. ಅರ್ಧ ಕ್ಲಾಸು ಪೆನ್ನು ಕಚ್ಚಿಕೊಂಡು ಕೂರುತ್ತದೆ.