ಸಮೀಕ್ಷೆಯಲ್ಲಿ ಏನೂ ಕಾಣದಿದ್ದರೂ ಹೊಲವನ್ನು ಅಗೆಯುವುದೇಕೆ?

ಪ್ರಶ್ನೆ: ಇಂಗ್ಲೆಂಡಿನ ಪೀಟರ್‌ಬರೋ ನಗರದ ಅಂಚಿನಲ್ಲಿ ಏಳಲಿರುವ ಬಡಾವಣೆಯೊಂದರಲ್ಲಿ ನಾವು ಮನೆ ಕಾಯ್ದಿರಿಸಿದ್ದೇವೆ. ಕಳೆದ ವರ್ಷ ಕೆಲವರು ಎರಡು ಕೊಳವೆಗಳಿರುವ ಉಪಕರಣ ಹಿಡಿದು ಅಲ್ಲಿನ ಹೊಲದಲ್ಲಿ ಸಾಲುಸಾಲಾಗಿ ನಡೆದರು. ವಿಶೇಷವೇನೂ ಕಂಡಿಲ್ಲವೆಂದು ವರದಿ ಬಂತು. ಆದರೂ ಈಗ ಪುರಾತತ್ವದವರು ಅಲ್ಲಲ್ಲಿ ಅಗೆಯುತ್ತಿದ್ದಾರೆ, ಮನೆಯ ಕೆಲಸ ಆರಂಭವಾಗಿಲ್ಲ. ಇದು ಅಗತ್ಯವೇ? ಖರ್ಚು ಯಾರದು?
– ಓದುಗರೊಬ್ಬರು, ಪೀಟರ್‌ಬರೋ

ಉತ್ತರ: ಖರ್ಚು ನಿರ್ಮಾಣ ಸಂಸ್ಥೆಯದು. 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಯೋಜನಾ ಮಾರ್ಗಸೂಚಿಯ ನಂತರ, ಕಟ್ಟುವವರೇ ಪುರಾತತ್ವ ಪರಿಶೀಲನೆಯ ವೆಚ್ಚವನ್ನು ಹೊರುವ ಪದ್ಧತಿ ನೆಲೆಗೊಂಡಿದೆ.

ನೀವು ಕಂಡದ್ದು ಕಾಂತಮಾಪಕ. ಬೆಂಕಿ ಹೊತ್ತಿದ, ಜನ ಬಾಳಿದ ನೆಲದ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡುಗಳು ಮಾರ್ಪಟ್ಟು ಅದರ ಕಾಂತಗುಣ ಹೆಚ್ಚುತ್ತದೆ. ಅಂಥ ಮಣ್ಣು ತುಂಬಿಕೊಂಡ ಹಳೆಯ ಕಂದಕವು ಮೇಲೆ ಯಾವ ಗುರುತೂ ಇಲ್ಲದಿದ್ದರೂ ಉಪಕರಣಕ್ಕೆ ಸಿಕ್ಕುತ್ತದೆ. ಬ್ರಿಟನ್ನಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 49,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ಇದ್ದರೆ, ಕಂದಕದಿಂದಾಗುವ ವ್ಯತ್ಯಾಸ ಹಲವು ಬಾರಿ ಕೆಲವೇ ನ್ಯಾನೊಟೆಸ್ಲಾ. ಆದ್ದರಿಂದಲೇ ಹಾಗೆ ನಡೆಯುವವರು ಬೆಲ್ಟಿನ ಕೊಂಡಿಯಲ್ಲಿಯೂ ಕಬ್ಬಿಣವಿರದಂತೆ ಎಚ್ಚರ ವಹಿಸುತ್ತಾರೆ. ಈ ವಿಧಾನದ ಮೊದಲ ಯಶಸ್ಸು ನಿಮ್ಮ ನೆರೆಯಲ್ಲೇ ದೊರೆತದ್ದೆಂಬುದು ನಿಮಗೆ ಸಂತೋಷ ತರಬಹುದು: 1958ರಲ್ಲಿ ರಸ್ತೆ ಅಗಲಗೊಳಿಸುವ ಮುನ್ನ ವಾಟರ್ ನ್ಯೂಟನ್ನಿನಲ್ಲಿ ಮಾರ್ಟಿನ್ ಐಟ್‌ಕೆನ್ ಮತ್ತು ಸಂಗಡಿಗರು ರೋಮನ್ ಕಾಲದ ಕುಂಬಾರರ ಆವಿಗೆಯನ್ನು ಹೀಗೆಯೇ ಪತ್ತೆ ಮಾಡಿದರು.

ಆದರೆ ಆವಿಗೆಯಷ್ಟು ಸ್ಪಷ್ಟವಾಗಿ ಎಲ್ಲವೂ ಕಾಣುವುದಿಲ್ಲ. ಸಾಮಾನ್ಯವಾಗಿ ಸಾಲಿನಿಂದ ಸಾಲಿಗೆ ಒಂದು ಮೀಟರ್ ಅಂತರವಿರುವುದರಿಂದ, ಗುಡಿಸಲಿನ ಕಂಬ ನೆಟ್ಟಿದ್ದ ಸಣ್ಣ ಗುಳಿಗಳೂ, ತೋಡಿದ ಮಣ್ಣನ್ನೇ ಮರಳಿ ಮುಚ್ಚಿದ ಸಮಾಧಿಗಳೂ ಸುಲಭವಾಗಿ ತಪ್ಪಿಹೋಗುತ್ತವೆ. ತಂತಿಬೇಲಿ, ನೀರಿನ ಕೊಳವೆಗಳ ಬಳಿಯಂತೂ ಕಬ್ಬಿಣದ ಪ್ರಭಾವವೇ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಸೀಮೆಯ ತಗ್ಗು ಪ್ರದೇಶಗಳಲ್ಲಿ ನದಿಯ ಮೆಕ್ಕಲು ಮಣ್ಣು ದಪ್ಪವಾಗಿ ಹರಡಿದೆ, ಈ ಉಪಕರಣದ ಹಿಡಿತವಾದರೋ ಹೆಚ್ಚೆಂದರೆ ಒಂದೆರಡು ಮೀಟರ್ ಆಳದವರೆಗೆ. ವಿಟಲ್ಸಿಯ ಬಳಿಯ ಮಸ್ಟ್ ಫಾರ್ಮಿನಲ್ಲಿ ಕ್ರಿ.ಪೂ. 850ರ ಸುಮಾರಿನಲ್ಲಿ ಬೆಂಕಿಗೆ ಬಿದ್ದು ನದಿಗೆ ಕುಸಿದ ಮನೆಗಳು, ಅಲ್ಲಿದ್ದ ಬಟ್ಟೆ, ಮಡಕೆಗಳ ಸಮೇತ ಕೆಸರಿನಲ್ಲಿ ಉಳಿದುಕೊಂಡಿದ್ದವು. ಅವುಗಳ ಸುಳಿವು ಸಿಕ್ಕಿದ್ದು 1999ರಲ್ಲಿ, ಇಟ್ಟಿಗೆ ಮಣ್ಣು ತೆಗೆದ ಗುಂಡಿಯ ಅಂಚಿನಲ್ಲಿ ಮರದ ಕಂಬಗಳು ಕಣ್ಣಿಗೆ ಬಿದ್ದಾಗ.

ಹೀಗಾಗಿ ಸಮೀಕ್ಷೆಯ ನಕ್ಷೆ ಖಾಲಿಯಿದ್ದಲ್ಲಿಯೂ ಒಟ್ಟು ಜಾಗದ ಸಣ್ಣ ಪಾಲನ್ನು ಅಗೆದು ನೋಡುತ್ತಾರೆ. ಇದನ್ನು ಅನಗತ್ಯ ವಿಳಂಬವೆನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ತಳಪಾಯ ತೋಡಿದ ಮೇಲೆ ಆ ನೆಲವನ್ನು ಮತ್ತೊಮ್ಮೆ ಓದಲು ಬರುವುದಿಲ್ಲ. ಸಮೀಕ್ಷೆಯ ವರದಿ ಸಾಮಾನ್ಯವಾಗಿ ಸ್ಥಳೀಯ ಯೋಜನಾ ಪ್ರಾಧಿಕಾರದ ಜಾಲತಾಣದಲ್ಲಿ, ಬಡಾವಣೆಯ ಅರ್ಜಿಯ ಕಡತದೊಳಗೆ ಸಿಗುತ್ತದೆ. ಅದರಲ್ಲಿ ನಿಮ್ಮ ಹೊಲದ ಮಣ್ಣಿನ ಸ್ವರೂಪವನ್ನು ವಿವರಿಸುವ ಭಾಗವನ್ನು ಮೊದಲು ಓದಿ. ‘ಏನೂ ಕಂಡಿಲ್ಲ’ ಎಂಬ ಮಾತಿಗೆ ಅಲ್ಲಿ ಎಷ್ಟು ತೂಕವಿದೆಯೆಂಬುದು ಅದರಿಂದ ತಿಳಿಯುತ್ತದೆ.