ಬ್ರೇಡಿಯೇ ಮೊದಲಿಗರು, ಆದರೆ ಉಂಗುರಗಳ ಲೆಕ್ಕಕ್ಕಲ್ಲ

ಬಾಸ್ಟನ್ ಬಳಿಯ ಓದುಗರೇ, ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್ ಕುರಿತ ನಮ್ಮ ಲೇಖನ ನಿಮಗೆ ಬೇಸರ ತಂದಿದೆ. ಟಾಮ್ ಬ್ರೇಡಿ ಅತಿ ಶ್ರೇಷ್ಠ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರ) ಹೌದೋ ಅಲ್ಲವೋ ಎಂದು ಚರ್ಚಿಸಿದ್ದೇ ತಪ್ಪು ಎನ್ನುತ್ತೀರಿ. "ಏಳು ಸೂಪರ್ ಬೌಲ್ ಉಂಗುರ. ಯಾವ ತಂಡವೂ ಆರಕ್ಕಿಂತ ಜಾಸ್ತಿ ಗೆದ್ದಿಲ್ಲ. ಮಹೋಮ್ಸ್ ಕೂಡ ಅಲ್ಲಿಗೆ ಮುಟ್ಟಲಾರ" ಎಂದು ಬರೆದಿದ್ದೀರಿ. ಬೇರೆ ಓದುಗರಿಗಾಗಿ: ಸೂಪರ್ ಬೌಲ್ ಎಂದರೆ ಅಮೆರಿಕದ ವೃತ್ತಿಪರ ಲೀಗ್ ಎನ್ಎಫ್ಎಲ್‌ನ ಫೈನಲ್, ಗೆದ್ದವರಿಗೆ ಉಂಗುರ ಸಿಗುತ್ತದೆ. ಮಹೋಮ್ಸ್ ಈಗಿನ ತಲೆಮಾರಿನ ಕ್ವಾರ್ಟರ್‌ಬ್ಯಾಕ್.

ನನ್ನ ಓಟೂ ಬ್ರೇಡಿಗೇ. ಆದರೆ ನೀವು ಕೊಟ್ಟ ಕಾರಣ ನಿಲ್ಲುವುದಿಲ್ಲ.

2015ರ ಫೈನಲ್ ನೆನಪಿದೆ ಅಲ್ವಾ? ಕೊನೆಯ ಅರೆ ನಿಮಿಷ. ಎದುರಾಳಿ ಸಿಯಾಟಲ್ ತಂಡಕ್ಕೆ ಗೆಲ್ಲಲು ಬೇಕಿದ್ದದ್ದು ಒಂದೇ ಯಾರ್ಡ್. ಬ್ರೇಡಿಯ ನ್ಯೂ ಇಂಗ್ಲೆಂಡ್ ತಂಡದ ರಕ್ಷಣಾ ಆಟಗಾರ ಮಾಲ್ಕಮ್ ಬಟ್ಲರ್ ನುಗ್ಗಿ ಚೆಂಡು ಕಸಿದರು. ಬ್ರೇಡಿ ಆಗ ಮೈದಾನದಲ್ಲೇ ಇರಲಿಲ್ಲ. 2002ರಲ್ಲಿ ಮೊದಲ ಉಂಗುರ ಬಂದಾಗ ಇಡೀ ಪಂದ್ಯದಲ್ಲಿ ಅವರು ಎಸೆದದ್ದು, ಅಂದರೆ ಅವರ ಎಸೆತಗಳಿಂದ ತಂಡ ಮುಂದೆ ಸಾಗಿದ್ದು, 145 ಯಾರ್ಡ್. 2018ರಲ್ಲಿ ಫಿಲಡೆಲ್ಫಿಯಾ ವಿರುದ್ಧ 505 ಯಾರ್ಡ್ ಎಸೆದರು, ಮೂರು ಟಚ್‌ಡೌನ್ (ತಲಾ ಆರು ಅಂಕ) ಕೊಡಿಸಿದರು, ಒಂದು ಎಸೆತವೂ ಎದುರಾಳಿ ಪಾಲಾಗಲಿಲ್ಲ. ಆದರೂ 41–33ರಿಂದ ಸೋತರು. ನಿಮ್ಮ ಲೆಕ್ಕದಲ್ಲಿ ಆ ಅದ್ಭುತ ಆಟಕ್ಕೆ ಸೊನ್ನೆ. ಇದನ್ನು ನಾನು ಒಪ್ಪಲಾರೆ.

ಪ್ರಶಸ್ತಿಗಳನ್ನೇ ಎಣಿಸುವುದಾದರೆ ಹಳೆಯ ಕಾಲದ ಕ್ವಾರ್ಟರ್‌ಬ್ಯಾಕ್ ಆಟೋ ಗ್ರಹಾಂ ಏನು ಕಡಿಮೆ? 1946ರಿಂದ 1955ರವರೆಗೆ ಕ್ಲೀವ್‌ಲ್ಯಾಂಡ್ ಪರ ಹತ್ತು ಋತು, ಹತ್ತು ಫೈನಲ್, ಏಳು ಗೆಲುವು. ಮೊದಲ ನಾಲ್ಕು ಬೇರೆ ಲೀಗ್‌ನವು, ನಿಜ. ಆದರೆ 1950ರಲ್ಲಿ ಎನ್ಎಫ್ಎಲ್‌ಗೆ ಬಂದ ವರ್ಷವೇ ಗೆದ್ದರು. ಬ್ರೇಡಿ ಏಳು ಗೆಲ್ಲಲು 21 ಋತು ಬೇಕಾಯಿತು. ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಆಡಿದ ನಾಲ್ಕೂ ಸೂಪರ್ ಬೌಲ್ ಗೆದ್ದರು.

ಯಾರ್ಡ್‌ಗಳ ಲೆಕ್ಕವೂ ಹೀಗೇ. 1978ರಲ್ಲಿ ನಿಯಮ ಬದಲಾಯಿತು. ಚೆಂಡು ಹಿಡಿಯಲು ಓಡುವವನನ್ನು ಐದು ಯಾರ್ಡ್ ಆಚೆ ತಡೆಯುವಂತಿಲ್ಲ ಎಂದಾಯಿತು. ಅದಕ್ಕೂ ಮೊದಲೇ ಆಡಿದ ಕ್ವಾರ್ಟರ್‌ಬ್ಯಾಕ್ ಜಾನಿ ಯುನಿಟಾಸ್‌ಗೆ ಆ ಅನುಕೂಲ ಇರಲಿಲ್ಲ. ಹಾಗಾಗಿ ಬ್ರೇಡಿಯ 89,214 ಯಾರ್ಡ್ ಮುಂದಿಟ್ಟು ಅವರನ್ನು ಕೆಳಗಿಳಿಸುವುದು ಅನ್ಯಾಯ.

ಹಾಗಾದರೆ ನಾನು ಬ್ರೇಡಿಯನ್ನೇ ಯಾಕೆ ಆರಿಸುತ್ತೇನೆ? 2000ದ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ) 199ನೆಯವರಾಗಿ ಬಂದ ಈ ಹುಡುಗ ವಯಸ್ಸಾದಂತೆ ಇನ್ನೂ ಚೆನ್ನಾಗಿ ಆಡಿದರು. ಅದೇ ಕಾರಣ. ಗ್ರಹಾಂ 34ಕ್ಕೆ ಆಟ ಬಿಟ್ಟರು. ಬ್ರೇಡಿ 40ರ ವಯಸ್ಸಿನಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರರೆನಿಸಿದರು. 2021ರಲ್ಲಿ, 44ನೇ ವಯಸ್ಸಿನಲ್ಲಿ, 5,316 ಯಾರ್ಡ್ ಎಸೆದು ಇಡೀ ಲೀಗ್‌ಗೆ ಮೊದಲಿಗರಾದರು. ಆಗ ಅವರು ಬೇರೆ ತಂಡದಲ್ಲಿದ್ದರು; ನ್ಯೂ ಇಂಗ್ಲೆಂಡ್‌ನಲ್ಲಿದ್ದ ಬೆಲಿಚಿಕ್ ಅವರಂಥ ಕೋಚ್ ಜೊತೆಗಿರಲಿಲ್ಲ. ಎದುರಿಗಿದ್ದವರಲ್ಲಿ ಎಷ್ಟೋ ಮಂದಿ ಅವರ ಅರ್ಧ ವಯಸ್ಸಿನವರು. ನಿಯಮ ಎಲ್ಲರಿಗೂ ಒಂದೇ, ಕಾಲವೂ ಒಂದೇ. ಆ ಋತುವಿನಲ್ಲಿ ಉಂಗುರ ಸಿಗಲಿಲ್ಲ. ನನ್ನ ಪಾಲಿಗೆ ಬ್ರೇಡಿಯ ಪರ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಮಹೋಮ್ಸ್ ವಿಷಯಕ್ಕೂ ಇದೇ ಅಳತೆ. ಅವರು ಏಳು ಗೆಲ್ಲುತ್ತಾರಾ ಎಂದು ನಾನು ನೋಡುವುದಿಲ್ಲ. 40ರಲ್ಲಿ ಹೇಗೆ ಎಸೆಯುತ್ತಾರೆ ಎಂದು ನೋಡುತ್ತೇನೆ. ಅದಕ್ಕೆ 2035 ಬರಬೇಕು.

— ಸಂಪಾದಕ