ವಾರ್ಡು ಮಹಿಳೆಗೆ ಬಂತು, ನಿದ್ದೆ ಹೋಯಿತು

2018ರಲ್ಲಿ ನಗರಸಭೆ ಚುನಾವಣೆಗೆ ಇನ್ನು ಕೆಲವೇ ವಾರ ಇರುವಾಗ ನನ್ನ ಹತ್ತಿರ ಆಪ್ತಸಲಹೆಗೆ ಬಂದ ಪ್ರಕರಣ ಇದು. ಗುರುತು ಸಿಗದ ಹಾಗೆ ಹೆಸರು, ಕಸುಬು, ಮನೆಯ ವಿವರ ಬದಲಿಸಿದ್ದೇನೆ. ಅವರನ್ನು ಗಿರಿಜಾ ಅನ್ನೋಣ. ವಯಸ್ಸು ನಲವತ್ತರ ಆಸುಪಾಸು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಬೀದಿಯ ಸ್ವಸಹಾಯ ಸಂಘದ ಲೆಕ್ಕ ನೋಡಿಕೊಳ್ಳುತ್ತಾರೆ. ಗಂಡನಿಗೆ ಹಾರ್ಡ್‌ವೇರ್ ಅಂಗಡಿ. ರಾತ್ರಿ ನಿದ್ದೆ ಇಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ ಅಂತ ಬಂದಿದ್ದರು. ಇಎನ್‌ಟಿ ಡಾಕ್ಟರು ನೋಡಿ, ಗಂಟಲಲ್ಲಿ ಏನೂ ಇಲ್ಲ ಅಂದಿದ್ದರು.

ಗಂಡ ಹತ್ತು ವರ್ಷದಿಂದ ವಾರ್ಡಿನಲ್ಲಿ ಓಡಾಡಿದವರು. ಈ ಸಲ ಟಿಕೆಟ್ ಗ್ಯಾರಂಟಿ ಅಂತ ನಂಬಿದ್ದರು. ಮೀಸಲಾತಿ ಪಟ್ಟಿ ಬಂದಾಗ ವಾರ್ಡು ‘ಸಾಮಾನ್ಯ ಮಹಿಳೆ’ ಆಗಿತ್ತು. ಅವತ್ತು ಸಂಜೆ ಮನೆಗೆ ಬಂದು ಅವರು ತಮ್ಮ ಅಮ್ಮನಿಗೆ ಹೇಳಿದರಂತೆ, “ಇವಳನ್ನೇ ನಿಲ್ಲಿಸೋಣ.” ಗಿರಿಜಾ ಪಕ್ಕದಲ್ಲೇ ತಟ್ಟೆ ಇಡುತ್ತಿದ್ದರು. ಅವರನ್ನು ಯಾರೂ ಕೇಳಲಿಲ್ಲ. ವಾರದೊಳಗೆ ಆಟೋ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಎದ್ದಿತು. ಕೈ ಮುಗಿದು ನಿಂತ ಗಂಡನ ಫೋಟೋ ದೊಡ್ಡದು. ಮೂಲೆಯಲ್ಲಿ ಇವರದು ಒಂದು ಸಣ್ಣ ಫೋಟೋ, ನಾದಿನಿ ಮದುವೆ ಆಲ್ಬಮ್ಮಿನಿಂದ ಕತ್ತರಿಸಿದ್ದು. ಹೆಗಲ ಮೇಲೆ ಯಾರದೋ ಕೈ ಹಾಗೇ ಉಳಿದಿತ್ತಂತೆ.

“ನಾನು ನಿಲ್ಲಲ್ಲ ಅಂತ ಅವರಿಗೆ ಹೇಗೆ ಹೇಳೋದು ಮೇಡಂ?” ಅವರು ತಂದ ಪ್ರಶ್ನೆ ಇಷ್ಟೇ.

ಎರಡನೇ ಭೇಟಿಯಲ್ಲಿ ನಾನು ಚುನಾವಣೆ ಮಾತು ಎತ್ತಲಿಲ್ಲ. ನಿಮ್ಮ ವಾರ್ಡಿನಲ್ಲಿ ಏನು ತೊಂದರೆ ಅಂತ ಮಾತ್ರ ಕೇಳಿದೆ. ಆಗ ನೋಡಬೇಕಿತ್ತು. ನೀರು ಬಿಡೋದು ಐದು ದಿನಕ್ಕೊಮ್ಮೆ. ವಾಲ್ವ್ ತಿರುಗಿಸುವವನು ಮೊದಲು ಮೇಲಿನ ಬೀದಿಗೆ ಬಿಡುತ್ತಾನೆ. ಕೆಳಗಿನ ಬೀದಿಯ ನಲ್ಲಿಗೆ ಪ್ರೆಶರ್ ಬರುವ ಹೊತ್ತಿಗೆ ಬಂದ್ ಮಾಡಿ ಸೈಕಲ್ ಹತ್ತುತ್ತಾನೆ. ಅಂಗನವಾಡಿ ಹಿಂದಿನ ಯುಜಿಡಿ (ಒಳಚರಂಡಿ) ಚೇಂಬರ್ ಮಳೆ ಬಂದಾಗೆಲ್ಲ ಉಕ್ಕುತ್ತದೆ. ಯಾವ ಮನೆಯ ಖಾತೆ ಯಾರ ಹೆಸರಲ್ಲಿ ಸಿಕ್ಕಿಹಾಕಿಕೊಂಡಿದೆ, ಯಾವ ಅಜ್ಜಿಗೆ ಪಿಂಚಣಿ ನಿಂತಿದೆ, ಎಲ್ಲ ಬಾಯಲ್ಲೇ ಇತ್ತು. ಅಷ್ಟು ಹೊತ್ತು ಗಂಟಲು ಒಮ್ಮೆಯೂ ಕಟ್ಟಲಿಲ್ಲ.

“ಮನೆಯಲ್ಲಿ ಯಾರೂ ಹೇಳದೆ, ಬೀದಿಯ ಹೆಂಗಸರೇ ಬಂದು ನೀವು ನಿಲ್ಲಿ ಅಂದಿದ್ದರೆ?” ಅಂತ ಕೇಳಿದೆ. ಸುಮ್ಮನಾದರು. ಆಮೇಲೆ ನಕ್ಕರು. “ಅದು ಬೇರೆ ಅಲ್ವಾ ಮೇಡಂ. ನಿಂತ್ಕೊತಿದ್ದೆ ಅನ್ಸತ್ತೆ.”

ಗಂಟು ಇದ್ದದ್ದು ಇಲ್ಲಿ. ಅವರಿಗೆ ನಿಲ್ಲುವ ಆಸೆ ಇತ್ತು. ಹೆಂಗಸು ಹಾಗಂತ ಬಾಯಿಬಿಟ್ಟು ಹೇಳಿದರೆ ಜನ ಏನಂದಾರು ಅನ್ನುವ ನಾಚಿಕೆಯೂ ಇತ್ತು. ಹೂಂ ಅಂದರೆ ಗಂಡನ ಕೈಗೊಂಬೆ, ಊಹೂಂ ಅಂದರೆ ತನ್ನದೇ ಅವಕಾಶ ಕೈಬಿಟ್ಟಂತೆ. ನಮ್ಮ ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸೀಟು ಮಹಿಳೆಯರಿಗೆ ಮೀಸಲು. ಆದರೆ ಗೆದ್ದ ಮೇಲೆ ಯಾರ ಮಾತು ನಡೆಯಬೇಕು ಅನ್ನೋದು ಎಷ್ಟೋ ಕಡೆ ಅಡುಗೆಮನೆಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಇಂಥ ಮನೆಗಳನ್ನು ನಾನು ಜಾಸ್ತಿಯೇ ನೋಡಿದ್ದೇನೆ.

ಹಾಗಾಗಿ ನಿಲ್ಲಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಏನೇನು ಒಪ್ಪಿದರೆ ನಿಲ್ಲುತ್ತೀರಿ, ಬರೆದು ತನ್ನಿ ಅಂದೆ. ಅವರು ಸಂಘದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಬಂದರು. ಮೊದಲ ಸಾಲೇ ‘ಬಂಗಾರ ಅಡ ಇಡಬಾರದು’.

ದುಡ್ಡಿನ ವಿಷಯ ನಾವು ತುಂಬ ಹೊತ್ತು ಮಾತಾಡಿದೆವು, ಯಾಕಂದರೆ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಅದೇ. ನಗರಸಭೆ ಅಭ್ಯರ್ಥಿಯ ಖರ್ಚಿಗೆ ರಾಜ್ಯ ಚುನಾವಣಾ ಆಯೋಗ ಇಟ್ಟಿದ್ದ ಮಿತಿ 2 ಲಕ್ಷ ರೂಪಾಯಿ. “ಅಷ್ಟರಲ್ಲಿ ಯಾರು ಗೆಲ್ತಾರೆ?” ಅಂತ ಗಂಡ ಮನೆಯಲ್ಲಿ ನಕ್ಕಿದ್ದರಂತೆ. ನಾನು ಗಿರಿಜಾ ಅವರಿಗೆ ಹೇಳಿದ್ದು ಇಷ್ಟು: ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ನಿಮ್ಮ ಮೇಲಿನ ಕೇಸು, ಆಸ್ತಿ, ಸಾಲ ಎಲ್ಲ ಬರುತ್ತದೆ, ಆಸ್ತಿ-ಸಾಲ ಗಂಡನದೂ ಸೇರಿ. ಫಲಿತಾಂಶ ಬಂದು 30 ದಿನದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಓಡಾಡೋದು ಯಾರೇ ಇರಲಿ, ಎರಡರಲ್ಲೂ ಸಹಿ ನಿಮ್ಮದು. ನಾಳೆ ನೋಟಿಸ್ ಬಂದರೆ ನಿಮ್ಮ ಹೆಸರಿಗೇ ಬರೋದು. ಓದದೆ ಒಂದು ಕಾಗದಕ್ಕೂ ಸಹಿ ಹಾಕಬೇಡಿ, ಲೆಕ್ಕದ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ಸಂಘದ ಲೆಕ್ಕ ಬರೆಯುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ.

ಮೂರನೇ ಸಲ ಗಂಡನನ್ನೂ ಕರೆಸಿದೆ. ಕೆಟ್ಟ ಮನುಷ್ಯ ಅಲ್ಲ. ಟಿಕೆಟ್ ಕೈತಪ್ಪಿದ ನೋವನ್ನು ಅವರ ಹತ್ತಿರ ಯಾರೂ ಮಾತಾಡಿರಲಿಲ್ಲ. ಎಲ್ಲರೂ “ಹೆಂಡತಿ ಇದ್ದಾರಲ್ಲ ಬಿಡಿ” ಅಂದಿದ್ದರು. ಮೊದಲು ಅದನ್ನೇ ಕೇಳಿದೆ. “ಹತ್ತು ವರ್ಷ ಓಡಾಡಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಮೇಡಂ” ಅಂದರು. ಆ ಮಾತು ಹೊರಗೆ ಬಂದ ಮೇಲೆ ಹೆಂಡತಿಯ ಹಾಳೆ ಓದುವಷ್ಟು ಸಮಾಧಾನ ಬಂತು.

ಚೌಕಾಸಿ ನಡೆಯಿತು. ಪ್ರಚಾರ, ಬೂತ್ ಏಜೆಂಟರು, ಮುಖಂಡರ ಜೊತೆಗಿನ ಮಾತು ಗಂಡನದು, ಅದರಲ್ಲಿ ಅವರು ಗಟ್ಟಿಗರು. ಕರಪತ್ರದಲ್ಲಿ ಇರಬೇಕಾದ್ದು ಗಿರಿಜಾ ಅವರ ಫೋನ್ ನಂಬರ್, ಫೋಟೋ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಂಗಾರ ಪೆಟ್ಟಿಗೆಯಲ್ಲೇ ಇರಬೇಕು. ಗೆದ್ದರೆ ಸಭೆಗೆ ಅವರೊಬ್ಬರೇ ಹೋಗಬೇಕು. ಕೊನೆಯದಕ್ಕೆ ಗಂಡ ತುಂಬ ಹೊತ್ತು ಒಪ್ಪಲಿಲ್ಲ. “ಅವಳಿಗೇನು ಗೊತ್ತಾಗತ್ತೆ?” ಅಂದರು. ಗಿರಿಜಾ ವಾಲ್ವಿನ ಕಥೆ ಶುರು ಮಾಡಿದರು.

ಸೋತರೆ ಏನು ಅನ್ನೋದನ್ನೂ ಮೊದಲೇ ಮಾತಾಡಿಸಿದೆ. ಫಲಿತಾಂಶದ ದಿನ ಸಂಜೆ ಮನೆಯಲ್ಲಿ ಯಾರೂ “ನಿನ್ನಿಂದ ಸೋತಿದ್ದು” ಅನ್ನಬಾರದು, ಅತ್ತೆಯೂ ಸೇರಿ. ಅತ್ತೆಗೆ ಹೇಳುವ ಕೆಲಸ ಮಗನಿಗೇ ಬಿಟ್ಟೆವು.

ಹೆಂಗಸು ನಿಂತಾಗ ಎದುರಿನವರು ಮೊದಲು ಕೈಹಾಕೋದು ನಡತೆಗೆ. ಅದಕ್ಕೂ ತಯಾರಿ ಬೇಕು. ಮನೆ ಮನೆಗೆ ಹೋಗುವಾಗ ಸಂಘದ ಇಬ್ಬರು ಜೊತೆಗಿರಲಿ. ಇಂಥ ಮಾತು ಬರುತ್ತದೆ ಅಂತ ಮನೆಯವರಿಗೆ, ಮುಖ್ಯವಾಗಿ ಕಾಲೇಜಿಗೆ ಹೋಗುವ ಮಗಳಿಗೆ, ಮೊದಲೇ ಹೇಳಿಡಿ ಅಂದೆ. ವಾಟ್ಸಾಪ್ ಗುಂಪುಗಳನ್ನು ಗಿರಿಜಾ ಓದೋದೇ ಬೇಡ, ಅವರ ತಮ್ಮ ಓದಿ ಬೇಕಾದ್ದಷ್ಟೇ ಹೇಳಲಿ. ರಾತ್ರಿ ಹತ್ತರ ಮೇಲೆ ಫೋನು ಹಾಲ್‌ನಲ್ಲಿ ಇರಲಿ. ಹೀಗೆ ಮಾಡಿಯೂ ಎರಡು ವಾರ ನಿದ್ದೆ ಬರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ ಅಂದಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್ 3ಕ್ಕೆ ಎಣಿಕೆ. ಸ್ವಲ್ಪ ಮತಗಳ ಅಂತರದಲ್ಲಿ ಗೆದ್ದರು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಅಧ್ಯಕ್ಷರ ಆಯ್ಕೆ ನಿಂತು, ಸಭೆಯೂ ಶುರುವಾಗಲಿಲ್ಲ. ರಾಜ್ಯದ ಆ ನಗರಸಭೆ, ಪುರಸಭೆಗಳಲ್ಲಿ ಗೆದ್ದವರು 2020ರ ಕೊನೆಯ ತನಕ ಅಧಿಕಾರವಿಲ್ಲದೆ ಕಾಯಬೇಕಾಯಿತು. ಆಡಳಿತಾಧಿಕಾರಿಗಳೇ ಎಲ್ಲ ನಡೆಸಿದರು. 2019ರ ಬೇಸಿಗೆಯಲ್ಲಿ ಗಿರಿಜಾ ಮತ್ತೆ ಬಂದರು. “ವೋಟು ಹಾಕಿದ್ವಲ್ಲ, ನೀರೆಲ್ಲಿ ಅಂತ ಕೇಳ್ತಾರೆ. ನನ್ನ ಹತ್ರ ಇರೋದು ಗೆದ್ದ ಸರ್ಟಿಫಿಕೇಟ್ ಒಂದೇ.” ಜನರ ಕಣ್ಣು ತಪ್ಪಿಸಲು ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದರಂತೆ.

ಇದಕ್ಕೆ ನನ್ನ ಸಲಹೆ ಚಿಕ್ಕದಿತ್ತು. ತಡವಾಗಿರೋದು ನಿಮ್ಮಿಂದ ಅಲ್ಲ, ಕಾರಣವನ್ನು ಕೇಳಿದವರಿಗೆಲ್ಲ ಬಿಚ್ಚಿ ಹೇಳಿ. ಅಧಿಕಾರ ಇಲ್ಲದೆಯೂ ಆಗುವ ಕೆಲಸಗಳನ್ನು ಬೇರ್ಪಡಿಸಿ ಇಟ್ಟುಕೊಳ್ಳಿ: ಅರ್ಜಿ ಬರೆಯೋದು, ಪೌರಾಯುಕ್ತರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳೋದು, ಮುಂದಿನ ವಾರ ಹೋಗಿ ಕೇಳೋದು. ಬಾಕಿಯದಕ್ಕೆ ‘ಈಗ ಆಗಲ್ಲ’ ಅನ್ನೋದನ್ನು ರೂಢಿ ಮಾಡಿಕೊಳ್ಳಿ.

ಕುರ್ಚಿ ಸಿಗದ ಆ ಎರಡು ವರ್ಷದಲ್ಲಿ ಗಂಡನಿಗೆ ಆಸಕ್ತಿ ಹೋಗಿ ಅಂಗಡಿ ನೋಡಿಕೊಂಡರು. ಗಿರಿಜಾ ಒಬ್ಬರೇ ಅರ್ಜಿ ಹಿಡಿದು ಕಚೇರಿಗೆ ಅಲೆದರು. ಗುಮಾಸ್ತರಿಂದ ವಾಲ್ವಿನವನ ತನಕ ಎಲ್ಲರಿಗೂ ಪರಿಚಯವಾದದ್ದು ಅವರ ಮುಖವೇ. ಸಭೆ ಶುರುವಾಗುವ ಹೊತ್ತಿಗೆ ಯಾರು ಹೋಗಬೇಕು ಅನ್ನುವ ಪ್ರಶ್ನೆಯೇ ಏಳಲಿಲ್ಲ. ನನ್ನ ಸಲಹೆಗಿಂತ ಆ ಕೋರ್ಟ್ ಕೇಸೇ ಜಾಸ್ತಿ ಕೆಲಸ ಮಾಡಿತು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ಮೊದಲ ಸಭೆಯಿಂದ 5 ವರ್ಷ ಅವಧಿ. ಅದು ಮುಗಿಯುವ ಮುಂಚೆ ಒಮ್ಮೆ ಫೋನ್ ಮಾಡಿದ್ದರು. ಮುಂದಿನ ಸಲ ವಾರ್ಡಿನ ಮೀಸಲಾತಿ ಬದಲಾದರೆ ಪಕ್ಕದ ವಾರ್ಡಿನಿಂದ ನಿಂತರೆ ಹೇಗೆ ಅಂತ. ನಗರಸಭೆಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಅದಕ್ಕೆ ಆಪ್ತಸಲಹೆ ಬೇಡ, ಆ ವಾರ್ಡಿನಲ್ಲಿ ನಾಮಪತ್ರಕ್ಕೆ ಸಹಿ ಹಾಕುವ ಒಬ್ಬ ಸೂಚಕರನ್ನು ಹುಡುಕಿಕೊಳ್ಳಿ ಅಂದೆ.